ಕರೆದಾಗ ಓ ಎನ್ನದ ಕ್ಯಾಮೆರಾ

ತಮ್ಮನಿಗೆ ಆತುರಪ್ಪ ಎಂದು ಹೆಸರಿಟ್ಟವಳು ಅಕ್ಕನೇ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದ ಕಾಲ. ಇವನು ಸಹಾಯಕ್ಕೆಂದು ಕೂತರೆ, ಗಟ್ಟಿ ಹೊಲಿಗೆ ಬೀಳುವ ಮೊದಲೇ, ಬಟ್ಟೆ ಸರಿಯದಿರಲೆಂದು ಹಾಕಿದ್ದ ಕಚ್ಚಾ ದಾರ ಕಿತ್ತು ಬಿಸಾಡುತ್ತಿದ್ದ. ತೋಳು ಕಳಚಿ ಕೈಗೆ ಬರುತ್ತಿತ್ತು. ದಾರ ನೇತಾಡಿದರೆ ಅಸಹ್ಯ ಎಂದು ಹಲ್ಲು ಕಿರಿಯುತ್ತಿದ್ದ. ಅವಳು ಅಳತೆಪಟ್ಟಿಯಿಂದಲೇ ತಲೆಗೊಂದು ಬಿಡುತ್ತಿದ್ದಳು.

ದೊಡ್ಡವನಾಗಿ ಅವನು ಬಸ್ ಟಿಕೆಟ್ ಯಂತ್ರ ತಯಾರಿಸುವ ಕಾರ್ಖಾನೆ ಸೇರಿದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರಿಗೆ ಆಕಳಿಕೆ ಬರುತ್ತಿತ್ತು. ಗುಂಡಿ ಒತ್ತಿದಾಗ ಯಂತ್ರದೊಳಗೆ ಮೊದಲು ಏಳುವುದು ಕರ್ನಲ್ ಎಂಬ ಮೂಲ ತಂತ್ರಾಂಶ. ಮನೆಯ ಹಿರಿಯಳಂತೆ ತಾನು ಎದ್ದು, ಆಮೇಲೆ ಗಡಿಯಾರ, ಪರದೆ, ಗುಂಡಿಗಳು ಎಂದು ಒಂದೊಂದನ್ನೇ ಎಬ್ಬಿಸುತ್ತದೆ. ಯಾರು ಮೊದಲು, ಯಾರು ಆಮೇಲೆ ಎಂಬ ಸರದಿ ನೋಡಿಕೊಳ್ಳುವುದೇ ಇವನ ಅನ್ನ.

ಅಕ್ಕನಿಗೆ ನರದ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ನಾಲಿಗೆ, ಕೊನೆಗೆ ರೆಪ್ಪೆ. ಉಳಿದದ್ದು ಕಣ್ಣುಗುಡ್ಡೆ, ಅದೂ ಸಾಸಿವೆಯಷ್ಟು ಸರಿಯುತ್ತಿತ್ತು. ಮನುಷ್ಯರಿಗೆ ಅದು ಕಾಣುತ್ತಿರಲಿಲ್ಲ, ಕ್ಯಾಮೆರಾಗೆ ಕಾಣುತ್ತಿತ್ತು. ಅವಳು ಪರದೆಯ ಮೇಲಿನ ಅಕ್ಷರ ನೋಡಿದರೆ ಯಂತ್ರ ಅದನ್ನು ಓದಿ ಹೇಳುತ್ತಿತ್ತು. ಆ ಮಾತಿನ ಯಂತ್ರವೋ ಹಳೆಯದು, ಮಾಡಿದವರು ಅಂಗಡಿ ಮುಚ್ಚಿ ಹೋಗಿದ್ದರು. ಕೆಲವು ದಿನ ಎಲ್ಲವೂ ಏಳುತ್ತಿತ್ತು, ಕ್ಯಾಮೆರಾ ಮಾತ್ರ ಏಳುತ್ತಿರಲಿಲ್ಲ. ಆ ದಿನಗಳಲ್ಲಿ ಅಕ್ಕ ಮೂಕಿ.

ಆತುರಪ್ಪ ರಜೆ ಹಾಕಿ ಕೂತ. ಆ ಯಂತ್ರದೊಳಗೂ ಒಂದು ಕರ್ನಲ್, ಕ್ಯಾಮೆರಾವನ್ನು ಅದು ಒಂದೇ ಸಲ ಕರೆಯುತ್ತದೆ. ಓ ಎನ್ನದಿದ್ದರೆ ಇಲ್ಲವೆಂದು ಬರೆದುಕೊಂಡು ಮುಂದೆ ಹೋಗುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ. ಇಷ್ಟು ಅವನಿಗೆ ತಿಳಿಯಿತು. ಎಲ್ಲಿ ತಪ್ಪುತ್ತಿದೆ ಎಂದು ಹಿಡಿಯಲು ಹೆಜ್ಜೆ ಹೆಜ್ಜೆಗೂ ಯಂತ್ರದಿಂದ ಪರದೆಯ ಮೇಲೆ ಒಂದು ಸಾಲು ಬರೆಸಿದ: ಇಲ್ಲಿಗೆ ಬಂದೆ, ಈಗ ಕ್ಯಾಮೆರಾ ಕರೆಯುತ್ತೇನೆ, ಸಿಕ್ಕಿತು. ಸರದಿಯಲ್ಲಿ ಒಂದೆರಡನ್ನು ಅತ್ತಿತ್ತ ಮಾಡಿಯೂ ನೋಡಿದ. ಅಂದಿನಿಂದ ಕ್ಯಾಮೆರಾ ಒಂದು ದಿನವೂ ಕೈಕೊಡಲಿಲ್ಲ. ಗೆದ್ದೆ ಎಂದುಕೊಂಡ.

ಅಷ್ಟರಲ್ಲಿ ಅಕ್ಕನ ಉಸಿರು ಸೋಲತೊಡಗಿ ಆಸ್ಪತ್ರೆಗೆ ಸೇರಿಸಿದರು. ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಬೇಕೋ, ಬೇಡವೋ? ಅವಳೇ ಹೇಳಬೇಕು, ಅವಳು ಹೇಳದಿದ್ದರೆ ಹಾಕುವುದೇ ನಿಯಮ ಎಂದರು ಡಾಕ್ಟರಮ್ಮ. ಅಕ್ಕ ಬಹಳ ಹೊತ್ತು ಅಕ್ಷರಗಳನ್ನು ಹೆಕ್ಕಿದಳು. ಯಂತ್ರ ಹೇಳಿತು:

"ನಾಳೆ ಹೇಳ್ತೀನಿ."

ಆ ಸಂಜೆ ಆತುರಪ್ಪ ಪರದೆಯ ಮೇಲೆ ಪ್ರಶ್ನೆ ಬರೆದು, ಕೆಳಗೆ 'ಬೇಕು', 'ಬೇಡ' ಎಂಬ ಎರಡು ಚೌಕ ಇಟ್ಟ. ಆಮೇಲೆ ತನ್ನ ಸಾಲುಗಳನ್ನು ನೋಡಿದ. ಡಾಕ್ಟರಮ್ಮನ ಎದುರು ಅವು ಸರಸರ ಓಡುವುದು ನೆಂಟರ ಮುಂದೆ ಒಳಬಟ್ಟೆ ಒಣಹಾಕಿದಂತೆ ಕಂಡಿತು. ಗಾಯ ವಾಸಿಯಾದ ಮೇಲೆ ಪಟ್ಟಿ ಯಾಕೆ ಎಂದು ಆ ಸಾಲುಗಳನ್ನೆಲ್ಲ ಅಳಿಸಿದ. ಆಗಲೇ ಒಮ್ಮೆ ಆರಿಸಿ ಹಾಕಿ ನೋಡಿದ, ಯಂತ್ರ ಇನ್ನೂ ಬಿಸಿಯಾಗಿತ್ತು, ಕ್ಯಾಮೆರಾ ಎದ್ದಿತು. ಹುಟ್ಟುಗುಣ ಸುಟ್ಟರೂ ಹೋಗದು.

ರಾತ್ರಿಯೆಲ್ಲ ಆರಿಸಿಟ್ಟ ಯಂತ್ರ ಬೆಳಿಗ್ಗೆ ತಣ್ಣಗಿತ್ತು. ಕ್ಯಾಮೆರಾ ಏಳಲಿಲ್ಲ. ಮತ್ತೆ ಹಾಕಿದ, ಮತ್ತೆ ಇಲ್ಲ. ಅಕ್ಕನ ತುಟಿ ನೀಲಿಯಾಗುತ್ತಿತ್ತು. ಡಾಕ್ಟರಮ್ಮ ಕಾಯುವಷ್ಟು ಕಾದರು, ಅವರದೇನೂ ತಪ್ಪಿಲ್ಲ. ಇನ್ನು ಆಗೋದಿಲ್ಲ ಎಂದು ಅವನನ್ನು ಪಕ್ಕಕ್ಕೆ ಸರಿಸಿ ಕೊಳವೆ ಹಾಕಿದರು.

ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಅವನಿಗೆ ಹೊಳೆಯಿತು. ಕ್ಯಾಮೆರಾಗೆ ಕರೆಂಟು ಕೊಡುವ ಪುಟ್ಟ ಚಿಪ್ಪು ಚಳಿಗೆ ಒಂದು ಚಿಟಿಕೆ ತಡವಾಗಿ ಏಳುತ್ತದೆ; ಕರ್ನಲ್ ಅದಕ್ಕೂ ಮೊದಲೇ ಕ್ಯಾಮೆರಾವನ್ನು ಕರೆದುಬಿಡುತ್ತದೆ. ಅವನು ಸರದಿಯನ್ನು ಸರಿಮಾಡಿಯೇ ಇರಲಿಲ್ಲ. ಆ ಸಾಲುಗಳನ್ನು ಬರೆಯಲು ಯಂತ್ರಕ್ಕೆ ಹಿಡಿಯುತ್ತಿದ್ದ ಹೊತ್ತೇ ಚಿಪ್ಪಿಗೆ ಬೇಕಾದ ಬಿಡುವಾಗಿತ್ತು. ಗಟ್ಟಿ ಹೊಲಿಗೆ ಬಿದ್ದಿರಲಿಲ್ಲ, ಕಚ್ಚಾ ದಾರ ಕಿತ್ತಿದ್ದ. ಅಂದವಾಗಿ ಕಾಣಲಿ ಎಂದು. ತನ್ನ ಮೇಲೆ ಅವನಿಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಅಕ್ಕ ಈಗ ಮನೆಯಲ್ಲಿದ್ದಾಳೆ, ಅದೇ ಮುಂದಿನ ಕೋಣೆಯಲ್ಲಿ. ಉಸಿರಿನ ಯಂತ್ರ ಬುಸುಗುಡುತ್ತದೆ. ಕಣ್ಣು ತೆರೆದೇ ಇರುತ್ತದೆ, ಕಾಯಿಲೆ ಅಲ್ಲಿಗೂ ಬಂದು ಈಗ ಗುಡ್ಡೆಯೂ ಸರಿಯುವುದಿಲ್ಲ. ತಮ್ಮ ಸರದಿಯನ್ನು ನಿಜವಾಗಿಯೂ ಸರಿಮಾಡಿದ. ಚಿಪ್ಪು ಎದ್ದ ಮೇಲೆಯೇ ಕ್ಯಾಮೆರಾ ಏಳುತ್ತದೆ, ಒಂದು ದಿನವೂ ತಪ್ಪುವುದಿಲ್ಲ. ದಿನಾ ಬೆಳಿಗ್ಗೆ ಬಂದು ಯಂತ್ರ ಹಾಕಿ, ಬೇಕೋ ಬೇಡವೋ ಎಂಬ ಆ ಪ್ರಶ್ನೆಯನ್ನು ಅವಳ ಮುಖದ ಮುಂದಿಟ್ಟು ಕಾಯುತ್ತಾನೆ. ಕ್ಯಾಮೆರಾಗೆ ಕಣ್ಣು ಸಿಗುತ್ತದೆ. ಅವಳ ನೋಟ ಎಲ್ಲಿದೆ ಎಂದು ತೋರಿಸುವ ಚುಕ್ಕೆ ಎರಡು ಚೌಕಗಳ ನಡುವೆ ನಿಂತಿರುತ್ತದೆ. ಕರ್ನಲ್ಲಿನ ಹಾಗೆ ತಾನು ಇಲ್ಲವೆಂದು ಬರೆದುಕೊಂಡು ಮುಂದೆ ಹೋಗುವವನಲ್ಲ ಎಂಬುದೊಂದೇ ಅವನಿಗೆ ಉಳಿದಿದ್ದ ಸಮಾಧಾನ.

ಹಗಲು ರಾತ್ರಿ ಅಕ್ಕನ ಪಕ್ಕದಲ್ಲಿರುವವರು ಭಾವ. ಮೊನ್ನೆ ಅವಳ ದಿಂಬು ಸರಿಮಾಡುತ್ತಾ, ಇವನ ಕಡೆ ನೋಡದೆ ಹೇಳಿದರು:

"ಅದನ್ನ ಅಳಿಸಿಬಿಡೋ. ಅವಳಿಗೆ ಕಾಣ್ತಾ ಇದ್ರೆ? ದಿನಾ ಓದ್ತಾ ಇದ್ರೆ?"

ಆತುರಪ್ಪ ತಡಮಾಡದೆ ಅಳಿಸಿದ. ಪರದೆ ಖಾಲಿಯಾಯಿತು. ಅಕ್ಕನ ಕಣ್ಣು ಅಲ್ಲೇ ನೆಟ್ಟಿತ್ತು. ಆ ಕಣ್ಣಿನ ಮುಂದಿನಿಂದ ಕರ್ನಲ್ಲಿನ ಹಾಗೆ ಎದ್ದು ಮುಂದೆ ಹೋಗುವ ಧೈರ್ಯವಾಗದೆ ಅವನು ಕೂತೇ ಇದ್ದ.