ಶನಿವಾರದ ಗಿಡಗಳು

ಮೊನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಡಬ್ಬಿ ತೆರೆದರು. ದೊಡ್ಡಪತ್ರೆ ಚಟ್ನಿ. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಚಿಕ್ಕಂದಿನಲ್ಲಿ ನೆಗಡಿಯಾದಾಗ ಆ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕಲೆಸಿ ನಿಮ್ಮ ನಾಲಿಗೆಗೂ ಯಾರಾದರೂ ಸವರಿರುತ್ತಾರೆ. ಅಂಥ ವಾಸನೆಗೆ ನಾನು ಅರ್ಧ ಊಟ ಬಿಟ್ಟು ಎದ್ದು, ಕಾರಿಡಾರಿಗೆ ಬಂದು, ಕಂಬ ಹಿಡಿದು ನಿಂತೆ. "ಯಾಕ್ ಸಾರ್, ದೊಡ್ಡಪತ್ರೆ ಆಗಲ್ವಾ ನಿಮ್ಗೆ?" ಎಂದು ಮೇಡಂ ಒಳಗಿನಿಂದಲೇ ಕೇಳಿದರು. ಆಗಲ್ಲ ಎಂದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ಒಂದು ಎಲೆಯ ವಾಸನೆಗೆ ಹೆದರಿ ಎದ್ದು ಬರುತ್ತಾನೆ ಎಂದರೆ ಯಾರು ನಂಬುತ್ತಾರೆ?

ತುಮಕೂರಿನಲ್ಲಿ ನಾನು ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಅದರ ಮೇಲೆ ಟೆರೇಸು. ಟೆರೇಸಿನ ಮೂಲೆಯಲ್ಲಿ ಶೀಟು ಹೊದಿಸಿದ ಒಂದೇ ಕೋಣೆಯ ಮನೆ. ಅಲ್ಲಿ ರತ್ನಮ್ಮ ಇದ್ದರು. ಗಂಡ ತೀರಿಕೊಂಡ ಮೇಲೆ ಊರು ಬಿಟ್ಟು ಬಂದವರು, ಅಂತರಸನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರೂವರೆಗೆ ಬರುವರು. ಬರುವಾಗ ಕೈಯಲ್ಲಿ ಒಂದು ಗಿಡ ಇದ್ದೇ ಇರುತ್ತಿತ್ತು. ಕೊಂಡದ್ದಲ್ಲ. ಮನೆ ಖಾಲಿ ಮಾಡಿದವರು ಬೀದಿಗೆ ಎಸೆದದ್ದು, ಮದುವೆ ಮುಗಿದ ಮೇಲೆ ಛತ್ರದ ಹಿಂದೆ ಹೂವಿನ ಕಸದ ಜೊತೆ ಬಿದ್ದದ್ದು, ಬೇರು ಮೇಲಾಗಿ ಮೋರಿಯಂಚಿನಲ್ಲಿ ಒಣಗುತ್ತಿದ್ದದ್ದು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುವರು. ಪೇಂಟಿನ ಡಬ್ಬ, ಸೀಳಿದ ಬಕೆಟ್ಟು, ಹಿಡಿ ಮುರಿದ ಕುಕ್ಕರು, ಎಲ್ಲದಕ್ಕೂ ತಳದಲ್ಲಿ ತೂತು ಹೊಡೆದು ಕುಂಡ ಮಾಡಿದ್ದರು.

ನನಗೆ ಗಿಡಗಳ ಲ್ಯಾಟಿನ್ ಹೆಸರು ಬರುತ್ತದೆ. ಒಂದು ಸಂಜೆ ಅವರ ಮನಿ ಪ್ಲಾಂಟಿನ ಲ್ಯಾಟಿನ್ ಹೆಸರು ಹೇಳಿ ದೊಡ್ಡ ಮನುಷ್ಯನಾಗಲು ನೋಡಿದೆ.

"ಅದೆಲ್ಲ ನಿಮ್ ಕಾಲೇಜಲ್ಲಿ ಇಟ್ಕೊಳಿ ಮೇಷ್ಟ್ರೇ. ಇವ್ಳು ಗುಬ್ಬಿಯವ್ಳು" ಎಂದರು.

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು ಗುಬ್ಬಿಯವಳು. ಛತ್ರದ ಹಿಂದೆ ಸಿಕ್ಕಿದ ಕ್ರೋಟನ್ ಛತ್ರದವಳು. ಹೆಲಿಕಾಪ್ಟರ್ ಫ್ಯಾಕ್ಟರಿಯ ಕಡೆ ಯಾರದೋ ಕ್ವಾರ್ಟರ್ಸು ಖಾಲಿಯಾದಾಗ ಬಂದ ಸ್ನೇಕ್ ಪ್ಲಾಂಟು ಬಿದರೆಹಳ್ಳಿಯವಳು. ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುವುದಿಲ್ಲವೇ, ಹಾಗೆ. ರತ್ನಮ್ಮನದು ಹಾಗಲವಾಡಿ. "ನಮ್ಮತ್ತೆ ಮನೇಲಿ ಇಪ್ಪತ್ತೆರಡು ವರ್ಷ ನಾನು ಹಾಗಲವಾಡಿಯವ್ಳೇ. ಗಾರ್ಮೆಂಟ್ಸಿಗೆ ಸೇರ್ದಾಗ ಮೇಡಮ್ಮು ರತ್ನಮ್ಮಾ ಅಂತ ಕೂಗುದ್ರೆ ಯಾರ್ನೋ ಅನ್ಕೊಂಡು ಸುಮ್ನೆ ಕೂತಿದ್ದೆ" ಎಂದು ನಕ್ಕಿದ್ದರು.

ಈಗ ನನ್ನ ಬಾಳೆಹಣ್ಣಿನ ವಿಷಯ ಹೇಳಬೇಕು. ಗುಬ್ಬಿಯಲ್ಲಿರುವ ನಮ್ಮಮ್ಮ ಯಾರಲ್ಲೋ ನನ್ನ ಜಾತಕ ತೋರಿಸಿ, ಸಾಡೇಸಾತಿ ಎಂದು ಕೇಳಿಕೊಂಡು ಬಂದಳು. ಶನಿವಾರ ಶನಿವಾರ ಕೋತಿಗಳಿಗೆ ಹಣ್ಣು ಹಾಕಬೇಕು. ನಾನು ವಿಜ್ಞಾನದವನು, ಇದನ್ನೆಲ್ಲ ನಂಬುವವನಲ್ಲ. ಆದರೆ ಒಂಬತ್ತು ಗಂಟೆಗೆ ಫೋನು ಬರುತ್ತಿತ್ತು. "ಹಾಕ್ದೇನೋ?" "ಹಾಕ್ದೆ ಕಣಮ್ಮ." ಅಮ್ಮನಿಗೆ ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ, ಆದ್ದರಿಂದ ಒಂದು ಡಜನ್ ಪುಟ್ಟಬಾಳೆ ತಂದು ಟೆರೇಸಿನ ಟ್ಯಾಂಕಿನ ಬಳಿ ಇಡುತ್ತಿದ್ದೆ. ಕೋತಿಗಳು ಬಂದವು. ಹಣ್ಣು ಮುಗಿಸಿ ರತ್ನಮ್ಮನ ಕುಂಡಗಳಿಗೆ ಕೈ ಹಾಕಿದವು.

"ಮೇಷ್ಟ್ರೇ, ದಮ್ಮಯ್ಯ, ಇಲ್ಲಿ ಹಣ್ ಹಾಕ್ಬೇಡಿ" ಎಂದು ಅವರು ಒಮ್ಮೆ ಕೇಳಿದರು. ಎರಡು ವಾರ ಬಿಟ್ಟು ಮತ್ತೊಮ್ಮೆ ಕೇಳಿದರು. ಆಯಿತು ಎಂದೆ. ಮುಂದಿನ ಶನಿವಾರದಿಂದ ಅವರು ಕೆಲಸಕ್ಕೆ ಹೊರಟ ಮೇಲೆ, ಮೋಟುಗೋಡೆಯಿಂದ ಬಾಗಿ ನನ್ನದೇ ಕಿಟಕಿಯ ಸಜ್ಜಾದ ಮೇಲೆ ಹಣ್ಣು ಬೀಳಿಸತೊಡಗಿದೆ. ಅಲ್ಲಿಂದಲೇ ತಿಂದು ಅಲ್ಲಿಂದಲೇ ಹೋಗುತ್ತವೆ ಎಂದು ನನ್ನ ಲೆಕ್ಕ. ಕೋತಿಗೆ ಸಜ್ಜಾದಿಂದ ಟೆರೇಸಿಗೆ ಒಂದು ನೆಗೆತ ಎಂಬುದು ಗೊತ್ತಾಗಲು ಜೀವಶಾಸ್ತ್ರ ಓದಬೇಕಾಗಿಲ್ಲ.

ಶನಿವಾರ ಸಂಜೆ ರತ್ನಮ್ಮ ಬಂದು ನೋಡಿದರೆ ನಾಲ್ಕೈದು ಗಿಡ ಬುಡಮೇಲು. ಅವರು ಬ್ಯಾಗು ಕೂಡ ಒಳಗಿಡದೆ ಕೂತುಬಿಡುತ್ತಿದ್ದರು. ಮೊದಲು ಬೇರಿಗೆ ಒದ್ದೆ ಗೋಣಿ. ಆಮೇಲೆ ಮುರಿದ ಬೇರು ಕತ್ತರಿಸುವುದು, ಅರ್ಧದಷ್ಟು ಎಲೆ ತೆಗೆಯುವುದು, ಮಣ್ಣನ್ನು ಬೆರಳ ತುದಿಯಿಂದ ಒತ್ತುವುದು. ಪಕ್ಕದಲ್ಲಿ ನೀರಿನ ಮಗ್ಗು ಹಿಡಿದು ನಿಂತು, ಛೇ ಛೇ ಎನ್ನುತ್ತಿದ್ದವನು ನಾನು.

"ಬೇರು ಬಿಸ್ಲು ಕಾಣ್ಬಾರ್ದು ಮೇಷ್ಟ್ರೇ. ಬಾಣಂತಿ ಥರ ಒಂದ್ ವಾರ ನೆರಳಲ್ಲೇ ಇರ್ಬೇಕು" ಎನ್ನುವರು. ಒಮ್ಮೆ ತಲೆಯೆತ್ತಿ, "ಅಲ್ಲಾ, ಇವು ಶನಿವಾರಾನೇ ಯಾಕ್ ಬರ್ತವೆ? ಆಂಜನೇಯನ್ ವಾರ ಅಂತ ಯಾರ್ ಹೇಳವ್ರೆ ಇವಕ್ಕೆ?" ಎಂದರು. ನಾನೂ ನಕ್ಕೆ.

ಆ ಶನಿವಾರ ಅವರಿಗೆ ಜ್ವರ, ರಜೆ ಹಾಕಿದ್ದರು. ನನಗೆ ಗೊತ್ತಿರಲಿಲ್ಲ. ಹಣ್ಣು ಬೀಳಿಸಿ, ಖಾಲಿ ಕವರು ಮಡಚುತ್ತಾ ಮೆಟ್ಟಿಲ ಬಾಗಿಲ ಬಳಿ ಬಂದಿದ್ದೆ. ಕೋತಿಗಳು ಆಗಲೇ ಗೋಡೆ ಹತ್ತಿ ದೊಡ್ಡಪತ್ರೆಯ ಕುಂಡವನ್ನು ಉರುಳಿಸಿ ಎಲೆಯನ್ನು ತರಿಯುತ್ತಿದ್ದವು; ಟೆರೇಸೆಲ್ಲ ಅದರ ಘಾಟು. ಆಗ ಶೀಟಿನ ಮನೆಯ ಬಾಗಿಲು ತೆರೆಯಿತು. ನೈಟಿಯ ಮೇಲೆ ಟವೆಲ್ಲು ಹೊದ್ದ ರತ್ನಮ್ಮ. ನಾನು ಬಾಗಿಲ ಹಿಂದಕ್ಕೆ ಸರಿದೆ.

ಗಡವ ಕೋತಿ ಮನಿ ಪ್ಲಾಂಟನ್ನು ಕಿತ್ತುಕೊಂಡು ಸಜ್ಜಾಕ್ಕೆ ಹಾರಿತು. ಬಳ್ಳಿಯ ತುದಿ ಇನ್ನೂ ಗೋಡೆಯ ಮೇಲಿತ್ತು. "ಬಿಡ್ಲಾ! ನನ್ ಗುಬ್ಬಿಯವ್ಳನ್ನ ಬಿಡ್ಲಾ!" ಎನ್ನುತ್ತಾ ರತ್ನಮ್ಮ ಬಟ್ಟೆ ಒಗೆಯುವ ಕಲ್ಲು ಹತ್ತಿ, ಗೋಡೆಯ ಮೇಲೆ ಮೊಣಕಾಲೂರಿ, ಬಳ್ಳಿ ಹಿಡಿದು ಕೆಳಕ್ಕೆ ಬಾಗಿದರು. ಅವರ ಬೆನ್ನ ಹಿಂದೆ ಒಂದು ತಾಯಿಕೋತಿ ಹಲ್ಲು ಕಿರಿದು ಮುಂದೆ ಬರುತ್ತಿತ್ತು. ಅವರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ನನ್ನಿಂದ ಅವರಿಗೆ ಐದಾರು ಹೆಜ್ಜೆ. ಹೆಜ್ಜೆಯೂ ಬೇಡ, "ರತ್ನಮ್ಮ, ಹಿಂದೆ" ಎಂದು ಕೂಗಿದ್ದರೆ ಸಾಕಿತ್ತು. ಕೋತಿಗೆ ಹೆದರಿದೆ ಎಂದು ನಿಮಗೆ ಹೇಳಬಹುದು. ಎಷ್ಟೋ ದಿನ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ. ನಿಜವೇನೆಂದರೆ ಕೈಯಲ್ಲಿ ಹಣ್ಣಿನ ಕವರಿತ್ತು. ಕೂಗಿದ್ದರೆ ಅವರು ತಿರುಗಿ ನೋಡುತ್ತಿದ್ದರು. ಕವರನ್ನು ಪ್ಯಾಂಟಿನ ಜೇಬಿಗೆ ತುರುಕುತ್ತಿದ್ದೆ. ಅಷ್ಟರಲ್ಲಿ ತಾಯಿಕೋತಿ ಅವರ ಟವೆಲ್ಲಿಗೆ ಹಾರಿತು, ಅವರು ಬೆಚ್ಚಿ ತಿರುಗಿದರು, ಗೋಡೆಯ ಮೇಲೆ ಯಾರೂ ಇರಲಿಲ್ಲ. ಕೆಳಗೆ ಓನರ್ ಸ್ಕೂಟರು ಉರುಳಿದ ಸದ್ದು. ಅದನ್ನು ನಾನು ಈಗಲೂ ಕೇಳುತ್ತೇನೆ, ಪಾಠದ ನಡುವೆ, ಬೋರ್ಡಿಗೆ ಮುಖ ಮಾಡಿರುವಾಗ.

ಆಂಬುಲೆನ್ಸು ಹೋದ ಮೇಲೆ ಗೇಟಿನಲ್ಲಿ ಜನ ನಿಂತು, ಇಷ್ಟೊಂದು ಕೋತಿ ಯಾಕೆ ಬಂದವು ಎಂದು ಕೇಳಿದರು. ನಾನು ಕಾಡು ಕಡಿಮೆಯಾದದ್ದು, ಬೆಟ್ಟದಲ್ಲಿ ನೀರು ಬತ್ತಿದ್ದು, ಎಲ್ಲವನ್ನೂ ವಿವರಿಸಿದೆ. ಓದಿದವರು ಎಂದು ಎಲ್ಲರೂ ತಲೆಯಾಡಿಸಿದರು.

ಅಂದು ಸಂಜೆ ಟೆರೇಸಿಗೆ ಹೋದಾಗ ಹತ್ತೊಂಬತ್ತು ಗಿಡ ಬಿದ್ದಿದ್ದವು. ಬೆಳಗಿನಿಂದ ಬೇರುಗಳು ಬಿಸಿಲಿನಲ್ಲಿದ್ದವು. ಗೋಣಿ ಸುತ್ತಿ, ನನಗೆ ಬಂದಂತೆ ನೆಟ್ಟೆ. ಎರಡು ಹೊತ್ತು ನೀರು ಹಾಕಿದೆ, ಗೊಬ್ಬರ ಸುರಿದೆ. ರತ್ನಮ್ಮ ಒಮ್ಮೆಯೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಏನಾದರೂ ಮಾಡುತ್ತಲೇ ಇರಬೇಕಿತ್ತು. ಲೋಳೆಸರ ಕೊಳೆತು ನೀರಾಯಿತು. ದೊಡ್ಡಪತ್ರೆ ಕಪ್ಪಾಯಿತು. ಒಂದೊಂದನ್ನು ಕಿತ್ತೆಸೆಯುವಾಗಲೂ ಅದು ಎಲ್ಲಿಯವಳು ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದೆ, ಅರ್ಧಕ್ಕರ್ಧ ನೆನಪಾಗಲಿಲ್ಲ. ಕೊನೆಗೆ ಉಳಿದದ್ದು ಮೂರು.

ಮೂರು ತಿಂಗಳ ನಂತರ ಆ ಮೂರನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಕುಣಿಗಲ್ಲಿನ ಬಸ್ಸು ಹತ್ತಿದೆ. ರತ್ನಮ್ಮ ಅಲ್ಲಿ ತಂಗಿ ಭಾಗ್ಯಳ ಮನೆಯಲ್ಲಿದ್ದರು. ಕಿಟಕಿ ಪಕ್ಕದ ಮಂಚ. ಬೆನ್ನಿಗೆ ಆಪರೇಷನ್ ಆಗಿತ್ತು, ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಯಾರ್ಯಾರ್ ಉಳ್ಕೊಂಡ್ರು ಮೇಷ್ಟ್ರೇ?"

"ಛತ್ರದವಳು, ಬಿದರೆಹಳ್ಳಿಯವಳು. ಗುಬ್ಬಿಯವಳೂ ಇದಾಳೆ, ಒಂದ್ ಗೇಣು."

ಅವರ ಮುಖ ಅರಳಿತು. ಅದನ್ನು ನೋಡಿ ಹೇಳದೆ ಎದ್ದುಬಿಡಬಹುದಿತ್ತು. ಹೇಳಿದೆ.

ಅವರು ಫ್ಯಾನನ್ನೇ ನೋಡುತ್ತಿದ್ದರು. "ನಾನ್ ಕೆಲ್ಸಕ್ ಹೋದ್ಮೇಲೆ ಹಾಕ್ತಿದ್ರಾ?"

"ಹೂಂ."

"ಸಂಜೆ ಬಂದು ಮಗ್ಗು ಹಿಡ್ಕೊಂಡ್ ನಿಲ್ತಿದ್ರಿ."

"ಹೂಂ."

"ಅವತ್ತು?"

"ಬಾಗಿಲ ಹಿಂದೆ ಇದ್ದೆ."

"ಒಂದ್ ಕೂಗು ಹಾಕ್ಬೋದಿತ್ತಲ್ಲ ಮೇಷ್ಟ್ರೇ" ಎಂದರು. ಬೈಗುಳದ ದನಿಯಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಭಾಗ್ಯ ಕಾಫಿ ತಂದು, "ನಿಮ್ಮಂಥೋರು ಪಕ್ಕದಲ್ಲಿದ್ದಿದ್ದು ನಮ್ಮಕ್ಕನ್ ಪುಣ್ಯ ಸಾರ್, ಗಿಡಾನೂ ಹೊತ್ಕೊಂಡ್ ಬಂದಿದೀರಲ್ಲ" ಎಂದಳು. ರತ್ನಮ್ಮ ಗೋಡೆಯ ಕಡೆ ತಿರುಗಿದರು. ತಿರುಗಲು ಅವರಿಗೆ ಬಹಳ ಸಮಯ ಹಿಡಿಯಿತು. "ಭಾಗ್ಯ, ಮೇಷ್ಟ್ರಿಗೆ ಬಸ್ಸಿನ್ ಹೊತ್ತಾಯ್ತು. ಆ ಡಬ್ಬ ಅವ್ರ ಕೈಗೇ ಕೊಟ್ಬುಡು."

ಈಗ ಗಿಡಗಳು ನನ್ನ ಕಿಟಕಿಯ ಗ್ರಿಲ್ಲಿನೊಳಗಿವೆ. ಅಮ್ಮನಿಗೆ ಹಣ್ಣು ಹಾಕುವುದಿಲ್ಲ ಎಂದು ಹೇಳಿದೆ. ಯಾಕೆ ಎಂದು ಕೇಳಿದಳು, ಫೋನಿಟ್ಟೆ. ಕುಣಿಗಲ್ಲಿನಿಂದ ಮಾತಿಲ್ಲ. ಮೇಲಿನ ಶೀಟಿನ ಮನೆ ಎಂಟು ತಿಂಗಳಿಂದ ಖಾಲಿ.

ಈ ಭಾನುವಾರ ಅದನ್ನು ನೋಡಲು ಗಂಡಹೆಂಡತಿ ಬಂದರು. ಓನರ್ ಊರಲ್ಲಿರಲಿಲ್ಲ, ಬೀಗದ ಕೈ ನನ್ನ ಹತ್ತಿರವಿತ್ತು. ಹೆಂಡತಿಗೆ ಟೆರೇಸು ಹಿಡಿಸಿತು. ಇಲ್ಲಿ ಬಟ್ಟೆ, ಅಲ್ಲಿ ತುಳಸಿ ಎಂದು ಗಂಡನಿಗೆ ತೋರಿಸುತ್ತಾ ಮೋಟುಗೋಡೆಯ ಹತ್ತಿರ ಹೋಗಿ, "ಇಲ್ಲಿ ಕೋತಿ ಕಾಟ ಇದ್ಯಾ ಸಾರ್?" ಎಂದಳು.

"ಇದೆ" ಎಂದೆ. "ನಾನು ಹಣ್ಣು ಹಾಕಿ ರೂಢಿ ಮಾಡ್ಸಿದ್ದು. ಮೊದ್ಲಿದ್ದೋರು ಗಿಡ ಉಳಿಸ್ಕೊಳಕ್ಕೆ ಹೋಗಿ ಇಲ್ಲಿಂದ ಬಿದ್ದು ಬೆನ್ನು ಮುರ್ಕೊಂಡ್ರು. ನಾನು ನೋಡ್ತಾ ನಿಂತಿದ್ದೆ."

ಗಂಡ ಹೆಂಡತಿಯ ಕೈ ಹಿಡಿದು ಗೋಡೆಯಿಂದ ಈಚೆಗೆ ಎಳೆದುಕೊಂಡ. ಅವಳು ಒಮ್ಮೆ ಕೆಳಗೆ, ಒಮ್ಮೆ ನನ್ನ ಮುಖ ನೋಡಿದಳು.

"ಈಗ ನಡೀತಾರಾ ಸಾರ್ ಅವ್ರು?"

"ಇಲ್ಲಮ್ಮ" ಎಂದೆ.