ಮಾಮನ ವೈರ್‌ಮನ್ ಪರೀಕ್ಷೆ

ಬಲಗೈಯ ನಡುಬೆರಳಿನ ಹಿಂಬದಿಯಲ್ಲಿ, ಗೆಣ್ಣಿನ ಕೆಳಗೆ, ಮಾಮನ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಲು ಮುಟ್ಟಿಸುತ್ತಿದ್ದುದು ಆ ಜಾಗವನ್ನೇ. "ಒಳಗಿಂದ ಮುಟ್ಟಿದ್ರೆ ಅದು ನಮ್ಮನ್ನು ಹಿಡ್ಕೊಳ್ತದೆ ಮಾರಾಯ, ಹೊರಗಿಂದ ಮುಟ್ಟಿದ್ರೆ ಒದ್ದು ಬಿಡ್ತದೆ," ಎನ್ನುತ್ತಿದ್ದರು. ಅದು ಎಡಗೈಯೂ ಆಗಿದ್ದಿರಬಹುದು. ಈಗ ಕಣ್ಣ ಮುಂದೆ ಬರುವುದು ಬಲಗೈ.

ಮುಂಬಯಿಯ ಸಯನ್‌ನ ನಮ್ಮ ಚಾಳಿನಲ್ಲಿ ಅವರು ಎಲ್ಲರಿಗೂ ಮಾಮ. ಉಡುಪಿ ಕಡೆಯಿಂದ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಬಂದವರು. ಅಲ್ಲಿನ ಫ್ಯಾನು ನಿಂತಾಗಲೆಲ್ಲ ಸ್ಟೂಲು ಹತ್ತಿ ಹತ್ತಿ, ಕೊನೆಗೆ ಒಬ್ಬ ಕಂತ್ರಾಟುದಾರನ ಕೈಕೆಳಗೆ ಕೆಲಸ ಕಲಿತರು. ಚಾಳಿನ ಅಷ್ಟೂ ಕೋಣೆಗಳ ವೈರಿಂಗ್ ಅವರದೇ. ಪರೀಕ್ಷೆ ಪಾಸಾದರೆ ಸರಕಾರ ಕೊಡುವ ವೈರ್‌ಮನ್ ಪರ್ಮಿಟ್ ಮಾತ್ರ ಇರಲಿಲ್ಲ. ವಡಾಲದಲ್ಲಿ ಹೊಸ ಬಿಲ್ಡಿಂಗುಗಳು ಏಳುತ್ತಿದ್ದವು. ಪರ್ಮಿಟ್ ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದ ಕಂತ್ರಾಟುದಾರ. ಮಾಮ ಐಟಿಐ ಮುಗಿಸಿದ ಹುಡುಗರ ಪಕ್ಕ ಸಂಜೆ ಕ್ಲಾಸಿನಲ್ಲಿ ಕೂತರು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಆಫೀಸಿನಿಂದ ಬಂದವನು ನಾನು ಅದನ್ನು ಓದಿ ಕನ್ನಡದಲ್ಲಿ ಹೇಳಬೇಕು. ನಾನು ಹೇಳಿದ್ದರ ಅರ್ಥವನ್ನು ಅವರು ನನಗೆ ಹೇಳಬೇಕು. ಹೀಗೆ ಇಬ್ಬರೂ ಓದಿದೆವು.

ಪರೀಕ್ಷೆಯಲ್ಲಿ ಮೆಟ್ಟಿಲ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ಆರಿಸುವ ಜೋಡಣೆಯನ್ನು ಎಲ್ಲರಿಗಿಂತ ಮೊದಲು ಮುಗಿಸಿದರಂತೆ. ಆಮೇಲೆ ಬಾಯಿಪ್ರಶ್ನೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಏನು ಮಾಡುತ್ತೀ? ಮಾಮ ಹೆಮ್ಮೆಯಿಂದ, ದಪ್ಪ ತಾಮ್ರದ ತಂತಿ ಸುತ್ತುತ್ತೇನೆ, ನಮ್ಮ ಚಾಳಿನಲ್ಲಿ ಫ್ಯೂಸ್ ಹೋದದ್ದೇ ಇಲ್ಲ ಎಂದರು. ಪರೀಕ್ಷಕರು ಪೆನ್ನು ಕೆಳಗಿಟ್ಟು, "ಆ ಚಾಳಿನಲ್ಲಿ ಎಷ್ಟು ಜನ ಮಲಗುತ್ತಾರೆ?" ಎಂದು ಕೇಳಿದರು.

"ಫೇಲ್," ಎಂದರು ಮಾಮ ಮನೆಗೆ ಬಂದು. "ಅವರು ಕೇಳಿದ್ದು ಸರಿ ಉಂಟು. ಸಣ್ಣ ತಂತಿ ಕರಗಿದ್ರೆ ಕತ್ತಲೆ ಅಷ್ಟೇ. ದಪ್ಪದ್ದು ಕರಗುವುದಿಲ್ಲ, ಗೋಡೆಯೊಳಗಿನ ವೈರೇ ಸುಡ್ತದೆ."

ಭಾನುವಾರ ಮನೆಮನೆಗೆ ಹೋಗಿ ತಾವೇ ಸುತ್ತಿದ್ದ ತಾಮ್ರವನ್ನು ಕಿತ್ತು ಸಣ್ಣ ಫ್ಯೂಸ್ ತಂತಿ ಹಾಕತೊಡಗಿದರು. ಅಂದಿನಿಂದ ಯಾರಾದರೂ ಇಸ್ತ್ರಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕಿದರೆ ದೀಪ ಢಪ್ಪೆಂದು ಹೋಗುತ್ತಿತ್ತು, ಕೋಣೆಗಳ ಮುಂದಿನ ಗ್ಯಾಲರಿಯಿಂದ "ಮಾಮಾ" ಎಂಬ ಕೂಗು ಏಳುತ್ತಿತ್ತು. ಎದುರು ಕೋಣೆಯ ಬಾಗಲಕೋಟೆಯ ಅಕ್ಕ ಬಾಗಿಲಿಗೇ ಅಡ್ಡ ನಿಂತರು.

"ಏನ್ರೀ ಮಾಮಾ, ಫೇಲ್ ಆದಾವ್ರು ನೀವು, ಕತ್ತಲಾಗ ಕೂಡಾವ್ರು ನಾವಾ?"

"ಬೈಯಿರಿ ಅಕ್ಕ. ಕೂತು ಬೈಲಿಕ್ಕೆ ಮನೆ ಉಂಟಲ್ಲ."

"ನಿಮ್ಮ ಪರೀಕ್ಷಾ ನಮ್ಮ ಮನ್ಯಾಗ ಯಾಕ್ರೀ?"

"ವೈರು ನಿಮ್ಮ ಮನೆಯಲ್ಲೇ ಉಂಟಲ್ಲ, ಎಂತ ಮಾಡುದು," ಎನ್ನುತ್ತ ಮಾಮ ಅವರದೇ ಸ್ಟೂಲು ಹತ್ತಿದರು.

ಎರಡನೆಯ ಸಲ ಪಾಸಾದರು. ಅದೇ ಪರೀಕ್ಷಕರು ಎದ್ದು ಕೈಕುಲುಕಿದರಂತೆ. ಅಷ್ಟು ಚೆನ್ನಾಗಿ ಮುಗಿಯುವುದನ್ನು ನಾನು ನಂಬುವುದಿಲ್ಲ. ಹೇಳಿದಾಗಲೆಲ್ಲ ಪರೀಕ್ಷಕರ ಮೀಸೆ ಬೇರೆಯಾಗಿರುತ್ತಿತ್ತು. ಪರ್ಮಿಟ್ ಬಂದದ್ದು ನಿಜ, ಅವರು ಚಾಳಿಗೆಲ್ಲ ಜಿಲೇಬಿ ಹಂಚಿದ್ದೂ ನಿಜ. ನನ್ನ ಪಾಲಿಗೆ ಎರಡು ಬಂದವು, ಓದಿದ್ದಕ್ಕೊಂದು, ಕೇಳಿಸಿಕೊಂಡದ್ದಕ್ಕೊಂದು.

ಕೆಲವು ವರ್ಷಗಳ ಮೇಲೆ ಮಾಮ ಕಾಮಾಲೆಯಾಗಿ ತೀರಿಕೊಂಡರು. ಆ ಮಳೆಗಾಲದ ಒಂದು ಸಂಜೆ ಅಕ್ಕನ ಕೋಣೆಯ ಒದ್ದೆ ಗೋಡೆಯಲ್ಲಿ ಚಟಪಟ ಸದ್ದಾಗಿ ದೀಪ ಹೋಯಿತು. ಗ್ಯಾಲರಿಯಲ್ಲಿ ಯಾರೋ ಅಭ್ಯಾಸಬಲದಿಂದ "ಮಾಮಾ" ಎಂದು ಕೂಗಿದರು. ಟಾರ್ಚು ಹಾಕಿ ನೋಡಿದರೆ ಫ್ಯೂಸಿನ ಸಣ್ಣ ತಂತಿ ಕರಗಿತ್ತು, ಗೋಡೆಯ ವೈರು ಅಂಗೈಯಷ್ಟು ಕರಿಯಾಗಿತ್ತು, ಅಷ್ಟೇ. ಮೇನ್ ಸ್ವಿಚ್ ಆರಿಸಿ, ಸುಟ್ಟ ವೈರನ್ನು ಕತ್ತರಿಸಿ ತೆಗೆದು, ಫ್ಯೂಸ್ ಕಟ್ಟಲು ನಾನೇ ಸ್ಟೂಲು ಹತ್ತಿದೆ. ಕತ್ತಲಲ್ಲಿ ಕೈಗೆ ಸಿಕ್ಕಿದ ತಂತಿಯನ್ನು ಎತ್ತಿಕೊಂಡೆ. ಟಾರ್ಚು ಹಿಡಿದಿದ್ದ ಅಕ್ಕ ನನ್ನ ಕೈ ತಡೆದರು.

"ಅದು ದಪ್ಪ ಆತ್ರೀ. ಸಣ್ಣದ ಹಾಕ್ರಿ. ಹೋದ್ರ ಹೋಗಲಿ, ಇನ್ನೊಮ್ಮೆ ಸ್ಟೂಲ್ ಏರೀರಂತ."