ಬಾಗಲವಾಡದ ಈರಮ್ಮ ದಾಟಿದ ಚೆಕ್‌ಪೋಸ್ಟ್

೨೦೨೦ರ ಮಾರ್ಚ್‌ನಲ್ಲಿ ನಾನು ರಾಯಚೂರಿನ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದ ಹಿರಿಯ ನರ್ಸ್ ಆಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಗುಂಜಹಳ್ಳಿಯ ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದಿ, ಹೆರಿಗೆ ವಾರ್ಡು, ಸುಟ್ಟಗಾಯದ ವಾರ್ಡು, ತುರ್ತು ವಿಭಾಗ ಎಲ್ಲ ಮುಗಿಸಿಕೊಂಡು ಈ ಘಟಕಕ್ಕೆ ಬಂದವಳು ನಾನು. ಇನ್ನು ಹೊಸದಾಗಿ ನೋಡುವುದೇನೂ ಉಳಿದಿಲ್ಲ ಎಂದುಕೊಂಡಿದ್ದೆ.

ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಕಲ್ಮಶವನ್ನೂ ಹೆಚ್ಚಾದ ನೀರನ್ನೂ ತೆಗೆದು, ಮತ್ತೆ ಮೈಗೆ ಸೇರಿಸುವುದೇ ಡಯಾಲಿಸಿಸ್. ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಇದಕ್ಕೆ ರಜೆ ಇಲ್ಲ. ಎರಡು ಸರದಿ ತಪ್ಪಿದರೆ ಉಸಿರು ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ವಿಚಿತ್ರವೆಂದರೆ, ಹಾಗೆ ಸಾವಿನ ಹತ್ತಿರ ಹೋಗುತ್ತಿರುವ ಮನುಷ್ಯ ನೋಡುವವರಿಗೆ ಸುಸ್ತಾದವನಂತೆ ಕಾಣುತ್ತಾನೆ, ಅಷ್ಟೆ. ರಕ್ತ ಸೋರುವುದಿಲ್ಲ, ಕೂಗಾಡುವುದಿಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ.

ನಮ್ಮಲ್ಲಿ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ದೇವದುರ್ಗ ಮತ್ತು ಮಾನ್ವಿ ಕಡೆಯವರು. ತಾಲ್ಲೂಕು ಕೇಂದ್ರಗಳಲ್ಲಿ ಸರದಿ ಸಿಗದೆ ರಾಯಚೂರಿಗೆ ಬರುತ್ತಿದ್ದರು. ಮೊದಲ ಬಸ್ಸಿಗೆ ಬಂದು, ಮಲಗಿ, ಚುಚ್ಚಿಸಿಕೊಂಡು, ಸಂಜೆಯ ಬಸ್ಸಿಗೆ ಊರು ಸೇರುವ ಬದುಕು. ಲಾಕ್‌ಡೌನ್ ಘೋಷಣೆಯಾದ ಮೇಲಿನ ಮೊದಲ ಬೆಳಿಗ್ಗೆ ನಾನು ಘಟಕದ ಬಾಗಿಲು ತೆರೆದಾಗ ಊರೊಳಗಿನ ಕಾರಿನವರು ಬಂದು ಕೂತಿದ್ದರು. ಬಸ್ಸಿನವರ ಹಾಸಿಗೆಗಳು ಖಾಲಿ.

ನಿಯಮದಲ್ಲಿ ಆಸ್ಪತ್ರೆಗೆ ಹೋಗುವವರನ್ನು ತಡೆಯಬಾರದು ಎಂದೇ ಇತ್ತು. ಆದರೆ ಬಸ್ಸಿಲ್ಲ. ರಸ್ತೆಗಿಳಿಯಲು ಬೇಕಾದ ಪಾಸನ್ನು ಸ್ಮಾರ್ಟ್‌ಫೋನಿನಲ್ಲಿ ಪಡೆಯಬೇಕು, ಇವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಕಾರಿನಲ್ಲಿ ಚಾಲಕನ ಜೊತೆ ಇನ್ನೊಬ್ಬರು ಕೂರಬಹುದು, ಬೈಕಿನಲ್ಲಿ ಒಬ್ಬರೇ. ಡಯಾಲಿಸಿಸ್ ರೋಗಿ ತಾನೇ ಬೈಕು ಹೊಡೆದುಕೊಂಡು ಐವತ್ತು ಕಿಲೋಮೀಟರು ಬಂದು, ನಾಲ್ಕು ಗಂಟೆ ಯಂತ್ರಕ್ಕೆ ಬಿದ್ದು, ಮತ್ತೆ ತಾನೇ ಹೊಡೆದುಕೊಂಡು ಹೋಗಬೇಕೇ? ಕೇಳಬೇಕಾದವರು ಯಾರೂ ಅದನ್ನು ಕೇಳಿಕೊಂಡಿರಲಿಲ್ಲ. ಕೊರೋನಾ ಸೋಂಕು ತಡೆಯುವುದು ಬೇಕಿತ್ತು. ನಮ್ಮ ರೋಗಿಗಳಿಗೆ ಅದು ತಗುಲಿದರೆ ಉಳಿಸಿಕೊಳ್ಳುವುದು ಬಹಳ ಕಷ್ಟವೆಂದು ಎಲ್ಲರಿಗಿಂತ ಚೆನ್ನಾಗಿ ನಮಗೇ ಗೊತ್ತಿತ್ತು. ಆದರೂ ಆ ಖಾಲಿ ಹಾಸಿಗೆಗಳ ಮುಂದೆ ನಿಂತಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು.

ಒಬ್ಬೊಬ್ಬರಿಗೇ ಫೋನು ಮಾಡಿದೆ. ನೀರು ಕಡಿಮೆ ಕುಡಿಯಿರಿ, ಬಾಳೆಹಣ್ಣು, ಎಳನೀರು, ಟಮಾಟೆ ಮುಟ್ಟಬೇಡಿ, ಹೇಗಾದರೂ ಬನ್ನಿ ಎಂದೆ. ದೇವದುರ್ಗದ ದರ್ಜಿ ಮೆಹಬೂಬ್‌ಸಾಬರು ಮಗನ ಬೈಕಿನ ಹಿಂದೆ ಕೂತು ಹೊರಟರು. ದಾರಿಯಲ್ಲಿ ಪೊಲೀಸರು ಇಬ್ಬರು ಕೂತಿದ್ದೀರೆಂದು ತಡೆದರು. ಅವರದು ದನಿ ಏರಿಸುವ ಸ್ವಭಾವವೇ ಅಲ್ಲ. "ತಕಲೀಫ್ ಆತು, ಮಾಫ್ ಮಾಡ್ರಿ" ಎಂದು ಹೇಳಿ ಮಗನನ್ನು ತಿರುಗಿಸಿಕೊಂಡು ಹೋದರಂತೆ. ಎರಡು ದಿನದ ನಂತರ ಅವರ ಮಗ ಫೋನು ಮಾಡಿದ. ಅಪ್ಪ ನಸುಕಿಗೆ ತೀರಿಕೊಂಡರು ಎಂದ. ನಮ್ಮ ಘಟಕದ ಕಿಟಕಿಗಳ ಪರದೆ ಹೊಲಿದುಕೊಟ್ಟವರು ಅವರೇ.

ಅದೇ ದಿನ ಮಧ್ಯಾಹ್ನ ಇನ್ನೊಂದು ಫೋನು ಬಂತು. ಬಾಗಲವಾಡದ ಅಮರೇಶನ ಹೆಂಡತಿ ಈರಮ್ಮನ ನಂಬರು. ಅಮರೇಶ ಕುರಿ ಕಾಯುವ ಮನೆಯವನು. ವಯಸ್ಸು ಮೂವತ್ತರ ಆಚೆ ಈಚೆ. ಗೊತ್ತಾಗದೆ ಉಳಿದ ರಕ್ತದೊತ್ತಡದಿಂದ ಮೂತ್ರಪಿಂಡ ಕೆಟ್ಟಿತ್ತು. ಈರಮ್ಮ ಪ್ರತಿ ಸಲ ಜೊತೆಗೆ ಬಂದು, ಯಂತ್ರದ ಪಕ್ಕದಲ್ಲಿ ಸ್ಟೂಲಿನ ಮೇಲೆ ನಾಲ್ಕು ಗಂಟೆ ಮಾತಿಲ್ಲದೆ ಕೂತಿರುತ್ತಿದ್ದಳು. ಗಂಡನಿಗಿಂತ ಅರ್ಧ ಮೊಳ ಎತ್ತರ, ಗಟ್ಟಿ ಆಳು. ಅವಳ ದನಿ ಹೇಗಿದೆಯೆಂದು ನಿಜ ಹೇಳಬೇಕೆಂದರೆ ನನಗೆ ಗೊತ್ತೇ ಇರಲಿಲ್ಲ.

ಆದರೆ ಆ ಫೋನಿನಲ್ಲಿ ಮಾತಾಡಿದ್ದು ಗಂಡಸು. ರಾಯಚೂರಿನ ಹೊರಗಿನ ಚೆಕ್‌ಪೋಸ್ಟಿನಲ್ಲಿದ್ದ ಎ.ಎಸ್.ಐ., ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್.

"ಮೇಡಂ, ಇಲ್ಲೊಬ್ಬಾಕಿ ಗಾಡಿ ಮುಂದ ನಿಂತು ಬಿಡವಲ್ಲಳು. ಈಕಿ ಹೇಳೋದು ಖರೇ ಏನ್ರಿ?"

ಅಲ್ಲಿ ಆದದ್ದನ್ನು ಆಮೇಲೆ ಆ ಎ.ಎಸ್.ಐ. ಸಾಹೇಬರೇ ನನಗೆ ಹೇಳಿದರು. ಹೊರಗಿನವರು ಬರದಂತೆ ಬಾಗಲವಾಡದ ಊರಬಾಯಿಗೆ ಜನ ಜಾಲಿಮುಳ್ಳು ಎಳೆದು ಹಾಕಿದ್ದರು. ಈರಮ್ಮ ಗಂಡನನ್ನು ಹೊಲದ ಬದುವಿನ ಮೇಲೆ ನಡೆಸಿಕೊಂಡು ಡಾಂಬರು ರಸ್ತೆಗೆ ತಂದಿದ್ದಾಳೆ. ಅಲ್ಲಿ ಅವಳ ತಮ್ಮ ಸಣ್ಣ ಸರಕು ಗಾಡಿಯಲ್ಲಿ ಟಗರುಗಳನ್ನು ಹೇರಿಕೊಂಡು ರಾಯಚೂರಿಗೆ ಹೊರಟಿದ್ದ. ಟಗರುಗಳ ನಡುವೆ ಗೋಣಿಚೀಲ ಹಾಸಿ ಅಮರೇಶನನ್ನು ಒರಗಿಸಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಿತು. ಕುರಿ ಸಾಗಿಸಲು ಅನುಮತಿ ಇದೆ, ಮನುಷ್ಯರನ್ನು ಸಾಗಿಸಲು ಇಲ್ಲ.

"ಕುರಿ ಹೋಗಲಿ. ನೀವಿಬ್ಬರೂ ಇಳೀರಿ" ಎಂದರು ಪೊಲೀಸರು.

ಈರಮ್ಮ ಇಳಿದಳು. ಇಳಿದು ಗಾಡಿಯ ಮುಂದೆ ನಿಂತಳು.

"ಸಾಹೇಬರ, ಕುರಿಗಿ ದಾರಿ ಅದ, ಕುರಿ ಕಾಯಾವಗ ಇಲ್ಲೇನ್ರಿ?"

"ಯವ್ವಾ, ನಾ ಮಾಡಿದ ಕಾನೂನಲ್ಲ ಇದು. ನಿನ್ನ ಗಂಡ ನೋಡಿದ್ರ ಕೂತಾನ, ಮಾತಾಡಾಕತ್ತಾನ. ಎಮರ್ಜೆನ್ಸಿ ಎಲ್ಲದ?"

ಆಗ ಅವಳು ಗಾಡಿ ಹತ್ತಿ, ಅಮರೇಶನ ಎಡಗೈಯ ಅಂಗಿತೋಳು ಮಡಚಿ, ಎ.ಎಸ್.ಐ.ಗೆ "ಇಲ್ಲಿ ಕೈ ಇಡ್ರಿ" ಎಂದಳಂತೆ. ಡಯಾಲಿಸಿಸ್ ರೋಗಿಗಳ ಕೈಯಲ್ಲಿ ಶುದ್ಧ ರಕ್ತನಾಳವನ್ನೂ ಅಶುದ್ಧ ರಕ್ತನಾಳವನ್ನೂ ಕೂಡಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತೇವೆ. ಅಲ್ಲಿ ರಕ್ತ ರಭಸದಿಂದ ಹರಿಯುವುದರಿಂದ ಮುಟ್ಟಿದರೆ ಚರ್ಮದ ಕೆಳಗೆ ಸದಾ ನಡುಗುತ್ತಿರುತ್ತದೆ. ಯಾರನ್ನೂ ಯಾರೂ ಮುಟ್ಟದ ಕಾಲ ಅದು. ಆ ಮನುಷ್ಯ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಬೆರಳು ಇಟ್ಟರು. ತಟ್ಟನೆ ಹಿಂತೆಗೆದರು.

"ಯಪ್ಪಾ! ಇದೇನಿದು, ಒಳಗ ಜೇನುಹುಳ ಗುಂಯ್ಯಂದಂಗ ಆಗಾಕತ್ತದ!"

"ಅದು ನಿಂತ್ರ ಇವ ನಿಂತ ಸಾಹೇಬರ. ಯಂತ್ರಕ್ಕ ಹಾಕಿ ಎಂಟು ದಿನ ಆತು. ನನ್ನ ಮಾತು ನಂಬಬ್ಯಾಡ್ರಿ. ಸಿಸ್ಟರನ್ನ ಕೇಳ್ರಿ."

ಹೀಗೆ ನನಗೆ ಫೋನು ಬಂದದ್ದು. ನಾನು ಉದ್ದ ಮಾತಾಡಲಿಲ್ಲ. ಬೆಳಿಗ್ಗೆ ದೇವದುರ್ಗದಲ್ಲಿ ಒಬ್ಬರು ತೀರಿಕೊಂಡರು, ಅವರನ್ನೂ ದಾರಿಯಲ್ಲಿ ತಿರುಗಿಸಿ ಕಳಿಸಿದ್ದರು ಎಂದಷ್ಟೇ ಹೇಳಿದೆ. ಎ.ಎಸ್.ಐ. "ಕಳಸ್ತೀನಿ ಮೇಡಂ" ಎಂದರು. ಕಳಿಸಿದ್ದಷ್ಟೇ ಅಲ್ಲ, ದಾರಿಯಲ್ಲಿ ಮತ್ತೆ ಯಾರೂ ನಿಲ್ಲಿಸದಂತೆ ಒಬ್ಬ ಪೇದೆಯನ್ನು ಬೈಕಿನಲ್ಲಿ ಗಾಡಿಯ ಮುಂದೆ ಓಡಿಸಿದರು. ಆಸ್ಪತ್ರೆಯ ಬಾಗಿಲಿಗೆ ಪೊಲೀಸ್ ಬೈಕು, ಅದರ ಹಿಂದೆ ಟಗರುಗಳ ಗಾಡಿ ಬಂದದ್ದನ್ನು ಕಂಡು ಕಾವಲುಗಾರ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಅಮರೇಶನ ಪೊಟ್ಯಾಸಿಯಂ ಏಳು ದಾಟಿತ್ತು. ಐದರ ಒಳಗಿರಬೇಕಾದದ್ದು. ಇ.ಸಿ.ಜಿ.ಯ ಗೆರೆಗಳು ಗುಡಾರದ ಹಾಗೆ ಚೂಪಾಗಿ ನಿಂತಿದ್ದವು. ಹೃದಯ ಯಾವ ಗಳಿಗೆಯಲ್ಲಾದರೂ ಕೈಕೊಡಬಹುದೆಂಬ ಸೂಚನೆ ಅದು. ಡಾಕ್ಟರು ಇಂಜೆಕ್ಷನ್ ಕೊಡುತ್ತಿರುವಾಗಲೇ ನಾನು ಸೂಜಿ ಹಾಕಿ ಯಂತ್ರ ಶುರು ಮಾಡಿದೆ. ಈರಮ್ಮ ತನ್ನ ಸ್ಟೂಲಿನ ಮೇಲೆ ಕೂತಳು. ಎರಡನೇ ಗಂಟೆಯಲ್ಲಿ ಅವನು ಕಣ್ಣು ಬಿಟ್ಟು "ಟಗರು ಮಾರಿದ್ನೇನು ನಿನ್ನ ತಮ್ಮ?" ಎಂದು ಕೇಳಿದ. ನಾನೂ ಡಾಕ್ಟರೂ ಮುಖ ಮುಖ ನೋಡಿಕೊಂಡೆವು. ಬದುಕಿದ.

ಸಮಸ್ಯೆ ಮುಗಿಯಿತೆಂದುಕೊಂಡರೆ ಹೊಸದು ಶುರುವಾಯಿತು. ಸಂಜೆ ಊರಿನಿಂದ ಫೋನು ಬಂತು. ರಾಯಚೂರಿನ ಆಸ್ಪತ್ರೆಗೆ ಹೋದವರು ಊರಿಗೆ ಬರಬೇಡಿ, ರೋಗ ತರುತ್ತೀರಿ ಎಂದರು ಹಿರಿಯರು. ಬರುವುದಕ್ಕೆ ಸರ್ಕಾರದ ತಡೆ, ಹೋಗುವುದಕ್ಕೆ ಊರಿನ ತಡೆ. ನಾನು ಕುದಿಯುತ್ತಿದ್ದೆ. ಈರಮ್ಮ ಮಾತ್ರ ಕೈಕಟ್ಟಿಕೊಂಡು ಯೋಚಿಸುತ್ತಿದ್ದಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಸಿಸ್ಟರ್, ಹಳ್ಳಕ್ಕ ಸೆಳವು ಬಂದಾಗ ನಾವು ಕುರಿ ದಿನಾ ದಾಟ್ಸಂಗಿಲ್ರಿ. ಒಮ್ಮಿ ದಾಟ್ಸಿ, ಸೆಳವು ಇಳಿಯೋತನ ಆ ಕಡಿ ದಂಡಿಮ್ಯಾಲೇ ಹಟ್ಟಿ ಹಾಕ್ತೀವಿ. ನಮ್ಮನ್ನೂ ಹಂಗ ಮಾಡ್ರಿ. ಬಸ್ಸಿಲ್ಲದವರನ್ನೆಲ್ಲ ಒಂದ ಸಲ ತರ್ರಿ. ಇಲ್ಲೇ ಎಲ್ಲರ ಒಂದು ಜಾಗ ಕೊಡ್ರಿ. ಅಡಗಿ ನಾ ಮಾಡ್ತೀನಿ."

ನಾವು ಆವರೆಗೆ ಪ್ರತಿ ರೋಗಿಗೆ ಪ್ರತಿ ಸಲ ಪಾಸು ಕೊಡಿಸುವುದು ಹೇಗೆಂದು ಒದ್ದಾಡುತ್ತಿದ್ದೆವು. ಡಾಕ್ಟರು ಇವಳ ಮಾತು ಕೇಳಿದವರೇ ಕುರ್ಚಿಯಿಂದ ಎದ್ದರು. ಮರುದಿನ ನಾನೂ ಡಾಕ್ಟರೂ ಈರಮ್ಮನನ್ನು ಕರೆದುಕೊಂಡು ಜಿಲ್ಲೆಯ ಅಧಿಕಾರಿಯೊಬ್ಬರ ಮುಂದೆ ನಿಂತೆವು. ನಾನು ತಯಾರು ಮಾಡಿಕೊಂಡು ಹೋದ ಭಾಷಣ ಬೇಕಾಗಲಿಲ್ಲ. ಈರಮ್ಮ ಹಳ್ಳದ ಮಾತನ್ನೇ ಮತ್ತೆ ಹೇಳಿದಳು. ಆ ಅಧಿಕಾರಿಯ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಬೇಕು. "ನೋಡೋಣ" ಎನ್ನಲಿಲ್ಲ. ಮದುವೆಗಳಿಲ್ಲದೆ ಬೀಗ ಬಿದ್ದಿದ್ದ, ಆಸ್ಪತ್ರೆಗೆ ಹತ್ತಿರದ ಒಂದು ಕಲ್ಯಾಣ ಮಂಟಪದ ಬೀಗ ತೆಗೆಸಿದರು. ಒಂದು ಬಸ್ಸು ದೇವದುರ್ಗಕ್ಕೆ, ಒಂದು ಮಾನ್ವಿಗೆ ಹೋಯಿತು. ಮಾನ್ವಿಯ ಬಸ್ಸಿನಲ್ಲಿ ಈರಮ್ಮನೇ ಕೂತು, ಯಾರ ಮನೆ ಯಾವ ಓಣಿಯಲ್ಲಿದೆ ಎಂದು ಹುಡುಕಿ, ಹೆದರಿ ಮನೆಯಲ್ಲೇ ಉಳಿದವರನ್ನು ಬೈದು ಹತ್ತಿಸಿಕೊಂಡು ಬಂದಳು.

ಮಂಟಪ ನಡೆದದ್ದು ಅವಳ ಮಾತಿನಂತೆ. ಡಯಾಲಿಸಿಸ್ ರೋಗಿಗಳ ಅಡುಗೆ ಸುಲಭವಲ್ಲ. ತರಕಾರಿ ಹೆಚ್ಚಿ, ನೀರಿನಲ್ಲಿ ನೆನೆಸಿ, ಕುದಿಸಿ, ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು. ಉಪ್ಪು ಕಡಿಮೆ, ನೀರಿಗೆ ಅಳತೆ. ನಾನು ಒಂದು ಸಲ ತೋರಿಸಿದೆ. ಆಮೇಲೆ ಹೇಳಬೇಕಾಗಲಿಲ್ಲ. ಚಂದ್ರಬಂಡದ ರೈತರೊಬ್ಬರು ಮಾರಾಟವಿಲ್ಲದ ಟಮಾಟೆಯನ್ನು ಪ್ರೀತಿಯಿಂದ ಬುಟ್ಟಿಗಟ್ಟಲೆ ತಂದು ಇಳಿಸಿದಾಗ, ಅವಳು ಕೈಮುಗಿದು "ಯಪ್ಪಾ, ನಿಮ್ಮ ಪುಣ್ಯಾ ದೊಡ್ಡದು, ಆದ್ರ ಇದು ನಮ್ಮ ಮಂದಿಗಿ ವಿಷ ಇದ್ದಂಗ. ಹೀರಿಕಾಯಿ ಇದ್ರ ತರ್ರಿ" ಎಂದು ಅಷ್ಟನ್ನೂ ವಾಪಸು ಹೇರಿಸಿದಳು. ಮರುದಿನ ಆತ ನಗುತ್ತ ಹೀರೇಕಾಯಿ, ಸೋರೇಕಾಯಿ ತಂದರು. ನೆರೆಯ ಓಣಿಯವರು ಇಲ್ಲಿ ಕೊರೋನಾದವರನ್ನು ಇಟ್ಟಿದ್ದಾರೆಂದು ಗೇಟಿನ ಮುಂದೆ ಗಲಾಟೆಗೆ ಬಂದಾಗಲೂ ಎದುರು ಹೋದದ್ದು ಅವಳೇ. "ನಮಗ ನಿಮ್ಮಿಂದ ಬರಬಾರದಂತ ನಾವು ಹೆದರಾಕತ್ತೀವಿ. ನೀವ ದೂರ ನಿಲ್ರಿ" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದಳು. ಬಂದವರು ಹಿಂದೆ ಸರಿದರು.

ಅವಳು ಕಲ್ಲಾಗಿದ್ದಳೆಂದು ಯಾರೂ ತಿಳಿಯಬಾರದು. ಇಬ್ಬರು ಮಕ್ಕಳು ಬಾಗಲವಾಡದಲ್ಲಿ ಅತ್ತೆಯ ಹತ್ತಿರ ಇದ್ದರು. ಚಿಕ್ಕ ಮಗಳು ಫೋನಿನಲ್ಲಿ ಮೊದಮೊದಲು ಅಳುತ್ತಿದ್ದಳು, ಆಮೇಲೆ ಮಾತಾಡುವುದನ್ನೇ ಬಿಟ್ಟಳು. ಹಾಗೆ ಬಿಟ್ಟ ದಿನ ಈರಮ್ಮ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದನ್ನು ನೋಡಿದ್ದೇನೆ. ಮೇ ತಿಂಗಳಲ್ಲಿ ಬಸ್ಸು ಬಿಡುವ ಮೊದಲೇ ಮದ್ಯದ ಅಂಗಡಿಗಳು ತೆರೆದವು. ರಸ್ತೆಯಲ್ಲಿ ಉದ್ದ ಸಾಲು ನಿಂತಿತು, ಸಾಲಿಗೆ ಪೊಲೀಸರ ಬಂದೋಬಸ್ತು ಬೇರೆ. ಮಂಟಪದ ಮಾಳಿಗೆಯಿಂದ ಅದನ್ನು ನೋಡಿ ನಮ್ಮ ರೋಗಿಗಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೆಲವರು ಆಗಿಂದಾಗಲೇ ನಡೆದು ಊರಿಗೆ ಹೋಗುತ್ತೇವೆಂದು ಗಂಟು ಕಟ್ಟಿದರು. ಈರಮ್ಮ ಅವರನ್ನು ಸಮಾಧಾನ ಮಾಡಲಿಲ್ಲ. "ಸಿಟ್ಟು ನನಗೂ ಅದ. ಸಿಟ್ಟು ಮಾಡಾಕಾದ್ರೂ ಬದುಕಿರಬೇಕಲ್ಲ. ನಾಳಿ ಸರದಿ ಯಾರ್ದದ? ಕೂಡ್ರಿ, ಉಣ್ರಿ" ಎಂದು ತಟ್ಟೆ ಹಾಕಿದಳು. ಗಂಟುಗಳು ಮತ್ತೆ ಬಿಚ್ಚಿಕೊಂಡವು.

ಬಸ್ಸು ಓಡಲು ಶುರುವಾಗುವವರೆಗೆ ಆ ಮಂಟಪದಲ್ಲಿದ್ದ ಒಬ್ಬರೂ ಸರದಿ ತಪ್ಪಿಸಿಕೊಳ್ಳಲಿಲ್ಲ, ಒಬ್ಬರನ್ನೂ ನಾವು ಕಳೆದುಕೊಳ್ಳಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಬಹಳ ಹೆಮ್ಮೆಪಡುವ ಮಾತು ಇದು. ಆದರೆ ಇದರಲ್ಲಿ ನನ್ನ ಪಾಲು ಸಣ್ಣದು.

ಹೊರಡುವ ದಿನ ಅವಳು ಮಂಟಪದ ನೆಲವನ್ನೆಲ್ಲ ತಾನೇ ತೊಳೆದು, ಕೀಲಿ ತಂದು ನನ್ನ ಕೈಗೆ ಕೊಟ್ಟಳು. "ಆ ಮೊದಲಿನ ದಿನಗಳಲ್ಲಿ ನಿಮ್ಮನ್ನೆಲ್ಲ ಬೇಡ ಅಂದುಬಿಟ್ರಲ್ಲ ಈರಮ್ಮ, ಅದು ನನಗಿನ್ನೂ ನುಂಗಾಕ ಆಗವಲ್ದು" ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬ್ಯಾಡಂತ ಯಾರೂ ಅಂದಿಲ್ರಿ ಸಿಸ್ಟರ್. ನಾವು ಅದೀವಿ ಅಂಬೋದ ಯಾರಿಗೂ ನೆನಪಾಗ್ಲಿಲ್ಲ. ಅದಕ್ಕ ಗಾಡಿ ಮುಂದ ಹೋಗಿ ನಿಂತ್ನಿ."

ಅಮರೇಶ ಈಗ ಊರಿಗೆ ಹತ್ತಿರದ ಕೇಂದ್ರದಲ್ಲಿ ಸರದಿ ಪಡೆದು ಬದುಕಿದ್ದಾನೆ. ನಾನು ನಿವೃತ್ತಳಾಗಿದ್ದೇನೆ. ಆಗಾಗ ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಹೇಳಲು ಕರೆಯುತ್ತಾರೆ. ಯಂತ್ರದ ಬಗ್ಗೆ, ಸೂಜಿಯ ಬಗ್ಗೆ ಹೇಳಿಕೊಡುತ್ತೇನೆ. ಅದನ್ನು ಯಾರಾದರೂ ಹೇಳಿಕೊಟ್ಟಾರು. ನಾನು ಒತ್ತಿ ಹೇಳುವುದು ಇನ್ನೊಂದನ್ನು. ರೋಗಿ ಬರಲಿಲ್ಲವೆಂದರೆ ಗೈರುಹಾಜರಿ ಎಂದು ಬರೆದು ಮುಂದೆ ಹೋಗಬೇಡಿ, ಅವರು ಯಾವ ದಾರಿಯಲ್ಲಿ ಬರುತ್ತಾರೆ, ಆ ದಾರಿ ಇವತ್ತು ತೆರೆದಿದೆಯೇ ಎಂದು ಕೇಳಿ. ಯಾವ ನಿಯಮ ಕೈಗೆ ಬಂದರೂ ಮೊದಲು ವಾಹನವಿಲ್ಲದ ಮನುಷ್ಯನನ್ನು ನೆನೆಸಿಕೊಂಡು ಓದಿ. ಮೆಹಬೂಬ್‌ಸಾಬರಂಥವರು ಗಾಡಿಯ ಮುಂದೆ ನಿಲ್ಲುವವರಲ್ಲ. ಅವರ ಪರವಾಗಿ ನಿಲ್ಲುವುದೂ ನಮ್ಮ ಕೆಲಸದ ಭಾಗ.